ಸಾವಯವ ತರಕಾರಿ ತೋಟದಲ್ಲಿ ಕೆಲಸ ಬೇಕೇ? ಸಂಬಳಕ್ಕಿಂತ ಮೊದಲು ಇದನ್ನು ಕೇಳಿ

ಪುಣೆ: ಬಿಬವೇವಾಡಿಯಲ್ಲಿ ವಾಸ, ಸಾವಯವ ತರಕಾರಿ ತೋಟದಲ್ಲಿ ದುಡಿಯುವ ಆಸೆ. ಹೀಗಿದ್ದರೆ ಹುಡುಕಾಟ ಎಲ್ಲಿಂದ ಶುರು ಮಾಡಬೇಕು? ಪಕ್ಕದಲ್ಲೇ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್ ಇದೆ. ಆದರೆ ಸಗಟು ವಹಿವಾಟಿನಲ್ಲಿ ಸಾವಯವ ಟೊಮೆಟೊಗೂ ಉಳಿದ ಟೊಮೆಟೊಗೂ ಬಹುತೇಕ ಒಂದೇ ದರ. ಹಾಗಾಗಿ ಸಣ್ಣ ಸಾವಯವ ರೈತರು ನೇರ ಮಾರಾಟವನ್ನೇ ನೆಚ್ಚಿಕೊಳ್ಳುತ್ತಾರೆ. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಹಣ್ಣು-ತರಕಾರಿಯನ್ನು ಎಪಿಎಂಸಿ ನಿಯಂತ್ರಣದಿಂದ ಹೊರಗಿಟ್ಟ ಮೇಲೆ ಇದು ಇನ್ನಷ್ಟು ಸುಲಭವಾಗಿದೆ. ನಗರದ ರೈತರ ವಾರದ ಸಂತೆಗಳಲ್ಲಿ ಮಾರಲು ನಿಂತವರನ್ನೇ ಮಾತನಾಡಿಸಿ. ಒಂದಿಷ್ಟು ಮರಾಠಿ ಬೇಕು, ಅಷ್ಟೇ.

ಸಂಬಳಕ್ಕಿಂತ ಮೊದಲು ಕೇಳಬೇಕಾದ್ದು: ಜಮೀನು ಯಾವ ಹಂತದಲ್ಲಿದೆ? ರಾಸಾಯನಿಕ ಬಿಟ್ಟ ಕೂಡಲೇ ಬೆಳೆ ಸಾವಯವ ಎನಿಸಿಕೊಳ್ಳುವುದಿಲ್ಲ. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಕಾರ ತರಕಾರಿಯಂಥ ವಾರ್ಷಿಕ ಬೆಳೆಗೆ ಸಾಮಾನ್ಯವಾಗಿ 2 ವರ್ಷ ಪರಿವರ್ತನಾ ಅವಧಿ ಇದೆ. ಆಗ ಇಳುವರಿ ಕುಸಿಯಬಹುದು, ಹೆಚ್ಚಿನ ಬೆಲೆಯೂ ಸಿಗದಿರಬಹುದು. ಮೊದಲ ಪೆಟ್ಟು ಬೀಳುವುದು ಕೂಲಿಗೆ.

ಸಣ್ಣ ರೈತರಿಗೆ ಅಗ್ಗದ ದಾರಿ ಪಿಜಿಎಸ್-ಇಂಡಿಯಾ ದೃಢೀಕರಣ. ಕನಿಷ್ಠ 5 ರೈತರ ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಬೀಜ ಎಲ್ಲಿಂದ ಬಂತು, ಯಾವ ದಿನ ಬಿತ್ತಿದ್ದು, ಯಾವ ಗೊಬ್ಬರ ಹಾಕಿದ್ದು ಎಲ್ಲಕ್ಕೂ ದಾಖಲೆ ಬೇಕು. ಜೀವಾಮೃತ ಕಲಸುವುದರ ಜೊತೆ ಈ ಪುಸ್ತಕವನ್ನೂ ಬರೆಯಬಲ್ಲವರಿಗೆ ಬೇಡಿಕೆ ಇದೆ.

ಭಾರತೀಯ ಕೃಷಿ ಕೌಶಲ ಮಂಡಳಿ 'ಸಾವಯವ ಬೆಳೆಗಾರ' ಕೆಲಸಕ್ಕೆ ಪ್ರತ್ಯೇಕ ಮಾನದಂಡ ರೂಪಿಸಿದೆ. ಸರ್ಟಿಫಿಕೇಟ್ ನೆರವಾದೀತು, ಆದರೆ ಒಂದು ಮುಂಗಾರು ಹೊಲದಲ್ಲಿ ದುಡಿದ ಅನುಭವಕ್ಕೆ ಅದು ಸಮವಲ್ಲ. ಇನ್ನು, 'ಸ್ವಯಂಸೇವಕರು ಬೇಕು' ಎಂಬ ಜಾಹೀರಾತು ಕಂಡರೆ ಸರಿಯಾಗಿ ಓದಿ. ವೂಫ್ ಮಾದರಿಯ ತೋಟಗಳಲ್ಲಿ ಊಟ, ವಸತಿ ಸಿಗುತ್ತದೆ, ಸಂಬಳ ಇರುವುದಿಲ್ಲ.