ಮರವೇರುವ ಇಲಿ: ನೋಟಕ್ಕೆ ಒಂದು, ಎಣಿಕೆಗೆ ಬೇರೆ

ತೆಂಗಿನ ತೋಟದಲ್ಲಿ ತೊಟ್ಟಿನ ಬಳಿ ತೂತುಬಿದ್ದ ಎಳೆಗಾಯಿಗಳು ಉದುರಿದ್ದರೆ ಅದು ಕಪ್ಪಿಲಿಯ ಕೆಲಸವೆಂದು ರೈತರು ಬಲ್ಲರು. ಮನೆಯ ಅಟ್ಟದಲ್ಲಿ ಓಡಾಡುವುದೂ ಸಾಮಾನ್ಯವಾಗಿ ಇದೇ. ಏಷ್ಯದ ಕಪ್ಪಿಲಿಗಳೆಲ್ಲ ಒಂದೇ ಜಾತಿಯವೆಂದು ಬಹುಕಾಲ ನಂಬಲಾಗಿತ್ತು. ಅವುಗಳ ವರ್ಣತಂತುಗಳನ್ನು ಎಣಿಸಿದಾಗ ಈ ನಂಬಿಕೆ ಸಡಿಲವಾಯಿತು.

ವಂಶದ ಗುಣಗಳನ್ನು ತಂದೆತಾಯಿಗಳಿಂದ ಮರಿಗೆ ಸಾಗಿಸುವ, ಜೀವಕೋಶದೊಳಗಿನ ಎಳೆಗಳೇ ವರ್ಣತಂತುಗಳು. ಹಸುವಿನಲ್ಲಿ ಇವು 60, ನಮ್ಮ ಮುರ್ರಾ, ಸುರ್ತಿ ಎಮ್ಮೆಗಳಲ್ಲಿ 50. ಇಲಿಯ ತೊಡೆಮೂಳೆಯ ಮಜ್ಜೆಯನ್ನು ತೆಗೆದು, ಕೋಲ್ಚಿಸಿನ್ ಬಳಸಿ, ಸೂಕ್ಷ್ಮದರ್ಶಕದಡಿ ಎಣಿಸುತ್ತಾರೆ. (ನಮ್ಮ ಬೇಲಿಗಳಲ್ಲಿ ಬೆಳೆಯುವ ಅಗ್ನಿಶಿಖೆಯ ಗಡ್ಡೆಯಲ್ಲಿರುವುದೂ ಇದೇ ವಿಷ.)

ಜಪಾನಿನ ವಿಜ್ಞಾನಿ ಯೋಸಿದ ಮತ್ತು ಸಂಗಡಿಗರು 1960 ಮತ್ತು 70ರ ದಶಕಗಳಲ್ಲಿ ಹಲವು ದೇಶಗಳ ಕಪ್ಪಿಲಿಗಳನ್ನು ಪರೀಕ್ಷಿಸಿದರು. ಜಪಾನ್ ಹಾಗೂ ಆಗ್ನೇಯ ಏಷ್ಯದ ಇಲಿಗಳಲ್ಲಿ 42, ಶ್ರೀಲಂಕಾದವುಗಳಲ್ಲಿ 40, ದಕ್ಷಿಣ ಭಾರತದವುಗಳಲ್ಲಿ 38 ವರ್ಣತಂತುಗಳು ಕಂಡುಬಂದವು.

ಹಾಗಾದರೆ ನಮ್ಮ ಇಲಿ ನಾಲ್ಕನ್ನು ಕಳೆದುಕೊಂಡಿತೇ? ಇಲ್ಲ. ಎರಡು ತುಂಡು ಹಗ್ಗಗಳನ್ನು ತುದಿಗೆ ತುದಿ ಸೇರಿಸಿ ಹೊಸೆದರೆ ಎಣಿಕೆಗೆ ಒಂದೇ ಹಗ್ಗ. ನಾರು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗೆಯೇ 4ನೆಯದು 7ನೆಯದರೊಡನೆ, 11ನೆಯದು 12ನೆಯದರೊಡನೆ ಬೆಸೆದುಕೊಂಡಿವೆ. ಶ್ರೀಲಂಕಾದ ಇಲಿಯಲ್ಲಿ ಆಗಿರುವುದು ಎರಡನೆಯ ಬೆಸುಗೆಯೊಂದೇ. ದಾರಿಯ ನಡುವಿನ ಮೆಟ್ಟಿಲು ಹೀಗೆ ಕಣ್ಣಿಗೆ ಬೀಳುವುದು ಅಪರೂಪ.

42 ಮತ್ತು 38ರ ಇಲಿಗಳನ್ನು ಪ್ರಯೋಗಾಲಯದಲ್ಲಿ ಕೂಡಿಸಿದಾಗ ಮರಿಗಳೇನೋ ಹುಟ್ಟಿದವು; ಅವುಗಳ ಸಂತಾನಶಕ್ತಿ ಮಾತ್ರ ಕುಗ್ಗಿತ್ತು. ಬೆಸೆದ ತಂತು ಬಿಡಿಯಾದ ಎರಡರೊಡನೆ ಜೋಡಿಯಾಗಬೇಕಾದಾಗ ಹಂಚಿಕೆ ತಪ್ಪುವ ಸಂಭವವುಂಟು. ಈಗ ಇವೆರಡನ್ನೂ ಬೇರೆ ಬೇರೆ ಜಾತಿಗಳೆಂದೇ ಎಣಿಸುತ್ತಾರೆ. ಹಡಗುಗಳಲ್ಲಿ ಯುರೋಪು, ಅಮೆರಿಕ, ಆಸ್ಟ್ರೇಲಿಯಗಳಿಗೆ ಹರಡಿದ್ದು ಮುಖ್ಯವಾಗಿ 38ರ ಇಲಿ.

ವರ್ಣತಂತು ಎಣಿಸಿದ ಮಾತ್ರಕ್ಕೆ ಇಲಿ ಸಾಯುವುದಿಲ್ಲ, ನಿಜ. ಆದರೆ ಬೇರೆ ದೇಶದ ಕಪ್ಪಿಲಿಯ ಮೇಲೆ ನಡೆಸಿದ ವಿಷಪ್ರಯೋಗದ ಫಲವನ್ನು ನಮ್ಮ ತೋಟಕ್ಕೆ ಅನ್ವಯಿಸುವ ಮೊದಲು, ಅದು ಯಾವ ಕಪ್ಪಿಲಿ ಎಂದು ಕೇಳಲೇಬೇಕು. ಮೈಬಣ್ಣ ನೋಡಿ ಹೇಳಲಾಗದು. ಒಂದೇ ಜಾತಿಯಲ್ಲಿಯೂ ಬಿಳಿ ಹೊಟ್ಟೆಯವೂ ಬೂದು ಹೊಟ್ಟೆಯವೂ ಇರುತ್ತವೆ.

ನಮ್ಮ ಇಲಿ ಸುಳಿಯಲ್ಲೇ ಗೂಡುಕಟ್ಟುವುದರಿಂದ ನೆಲದ ಬಿಲಗಳಲ್ಲಿ ಮದ್ದಿಟ್ಟು ಫಲವಿಲ್ಲ. ಐದು ಮರಗಳಿಗೊಂದರಂತೆ ಸುಳಿಯಲ್ಲಿ 10 ಗ್ರಾಂ ಬ್ರೋಮಾಡಯೋಲೋನ್ ಬಿಲ್ಲೆಯಿಟ್ಟು, 12 ದಿನಗಳ ನಂತರ ಮತ್ತೊಮ್ಮೆ ಇಡಬೇಕು.