ಮೆಟ್ಟು ಹೊಲಿದ ಕೈ

ಮನುಷ್ಯರಿಲ್ಲದೆ ಬರೀ ವಸ್ತುಗಳಿರುವ ಚಿತ್ರಕ್ಕೆ ಸ್ಟಿಲ್ ಲೈಫ್ ಅಂತಾರೆ. ವ್ಯಾನ್ ಗೋ 1886ರಲ್ಲಿ ಬರೆದ ಹಳೇ ಬೂಟುಗಳನ್ನೇ ನೋಡಿ: ಸಡಿಲಾದ ದಾರ, ಸವೆದ ತೊಗಲು, ಮಂಕು ಕಂದು. ಕಾಲೇ ಇಲ್ಲ, ಆದರೂ ದಣಿವು ಕಾಣುತ್ತದೆ. ಚಿತ್ರದ ಭಾವ ಅಂದರೆ ಇದೇ. ಸವೆತ ದುಡಿಮೆಯ ಸಂಕೇತವಾಗುತ್ತದೆ.

ಇವು ರೈತ ಹೆಣ್ಣಿನವು ಅಂದ, ಜರ್ಮನ್ ತತ್ವಜ್ಞಾನಿ ಹೈಡೆಗರ್. ಕಲಾವಿದನವೇ ಅಂತ 1968ರಲ್ಲಿ ಕಲಾಚರಿತ್ರಕಾರ ಷಾಪಿರೊ ವಾದಿಸಿದ. ನನ್ನ ತಕರಾರು ಇಷ್ಟೆ: ಇಬ್ಬರೂ ಮೆಟ್ಟಿದವರನ್ನು ಹುಡುಕಿದರು, ಹೊಲಿದವರನ್ನು ಕೇಳಲಿಲ್ಲ.

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಕಂಸಾಳೆಯವರ ಮಾದಪ್ಪನ ಕಥೆಯಲ್ಲಿ, ಶ್ರವಣ ದೊರೆಯನ್ನು ಮುಗಿಸುವ ಮೆಟ್ಟು ಮಾಡಿದವನಿಗೆ ಹೆಸರುಂಟು: ಹರಳಯ್ಯ. ಮಾದಪ್ಪನಿಗೂ ಆ ಕೈ ಬೇಕಾಯ್ತು.

ಚಿತ್ರದೆದುರು ನಿಂತಾಗ ನಾವು ಮೊದಲು ಕೇಳಬೇಕಾದ್ದು ಅದನ್ನೇ: ಈ ವಸ್ತು ಮಾಡಿದವರು ಯಾರು?