ಗೆಣ್ಣು ಊದಿದ್ದೆಲ್ಲ ಸಂಧಿವಾತವೇ?

2006ರಲ್ಲಿ ಕರ್ನಾಟಕವನ್ನು ಚಿಕುನ್‌ಗುನ್ಯಾ ಕಾಡಿದ್ದು ಹಿರಿಯರಿಗೆ ನೆನಪಿರಬಹುದು. ಆ ವರ್ಷ ನಮ್ಮ ರಾಜ್ಯವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ಕೆಲವೇ ದಿನಗಳಲ್ಲಿ ಇಳಿಯಿತು. ಕೀಲುನೋವು ಮಾತ್ರ ಹಲವರನ್ನು ತಿಂಗಳುಗಟ್ಟಲೆ ಬಿಡಲಿಲ್ಲ.

ವೈರಾಣುವಿನಿಂದ ಬೆರಳ ಗೆಣ್ಣು ಊದಬಹುದು, ರುಮಟಾಯ್ಡ್ ಸಂಧಿವಾತದಿಂದಲೂ ಊದಬಹುದು. ಆರಂಭದಲ್ಲಿ ಎರಡೂ ಒಂದೇ ತೆರನಾಗಿ ಕಾಣಬಹುದು. ಮೊದಲನೆಯದು ಬಹುಪಾಲು ಜನರಲ್ಲಿ ತಾನಾಗಿ ಇಳಿಯುತ್ತದೆ. ಎರಡನೆಯದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಎರಗಿ, ಕ್ರಮೇಣ ಮೂಳೆಯನ್ನು ಸವೆಸುತ್ತದೆ. ಸವೆದ ಮೂಳೆ ಮತ್ತೆ ಮೊದಲಿನಂತಾಗದು. ಸಖರಾಯಪಟ್ಟಣದ ಸುತ್ತ ಅಡಿಕೆ ಸುಲಿದು ಬದುಕುವ ಕೈಗಳಿಗೆ ಇದು ಅನ್ನದ ಪ್ರಶ್ನೆ.

ಹಾಗೆಂದು ಗೆಣ್ಣು ಊದಿದವರಿಗೆಲ್ಲ ಮೆಥೊಟ್ರೆಕ್ಸೇಟ್ ಕೊಡಲಾಗದು. ಆ ಔಷಧಿ ತೆಗೆದುಕೊಳ್ಳುವವರ ಯಕೃತ್ತು, ರಕ್ತಕಣಗಳ ಮೇಲೆ ಕಣ್ಣಿಡಬೇಕಾಗುತ್ತದೆ. ಹಾಗಾದರೆ ಯಾರಿಗೆ ಕೊಡಬೇಕು?

ನೆದರ್‌ಲೆಂಡ್ಸ್‌ನ ಲೈಡನ್ ನಗರದ ವೈದ್ಯರು 2007ರಲ್ಲಿ ಇದಕ್ಕೊಂದು ಲೆಕ್ಕ ಪ್ರಕಟಿಸಿದರು. ಇಂಥದೇ ಕಾಯಿಲೆ ಎಂದು ಹೇಳಲಾಗದ ಕೀಲೂತವಿದ್ದ 570 ಮಂದಿಯನ್ನು ಒಂದು ವರ್ಷ ಗಮನಿಸಿದಾಗ, 177 ಮಂದಿಗೆ ರುಮಟಾಯ್ಡ್ ಸಂಧಿವಾತ ಬಂದಿತ್ತು. ಯಾರಿಗೆ ಬಂತು ಎಂಬುದರಿಂದ ಒಂಬತ್ತು ಸುಳಿವುಗಳನ್ನು ಆರಿಸಿ ಅಂಕ ಕೊಟ್ಟರು. ಗರಿಷ್ಠ 14.

ವಿದ್ಯಾರ್ಥಿಗಳೇ, ಕೂಡಿ ನೋಡಿ. ಐವತ್ತು ವರ್ಷದ ಹೆಂಗಸೊಬ್ಬರಿದ್ದಾರೆ ಎನ್ನೋಣ. ವಯಸ್ಸಿಗೆ ವರ್ಷಕ್ಕೆ 0.02ರಂತೆ 1, ಹೆಣ್ಣಾದ್ದರಿಂದ 1, ಕೈಕಾಲಿನ ಸಣ್ಣ ಕೀಲುಗಳಿಗೆ 0.5, ಎಡಬಲ ಸಮನಾಗಿರುವುದಕ್ಕೆ 0.5, ಕೈಗೂ ಕಾಲಿಗೂ ಬಂದಿರುವುದಕ್ಕೆ 1.5, ಬೆಳಗಿನ ಮಧ್ಯಮ ಬಿಗಿತಕ್ಕೆ 1, ಒತ್ತಿದರೆ ನೋಯುವ ಐದು ಕೀಲುಗಳಿಗೆ 0.5, ಊದಿದ ಐದು ಕೀಲುಗಳಿಗೆ 0.5, ರಕ್ತದಲ್ಲಿ ಸಿ.ಆರ್.ಪಿ. ತುಸು ಏರಿದ್ದಕ್ಕೆ 0.5. ಒಟ್ಟು 7.

ಅಂಕ 6 ಅಥವಾ ಕಡಿಮೆ ಇದ್ದವರಲ್ಲಿ ಶೇಕಡಾ 91 ಮಂದಿಗೆ ಕಾಯಿಲೆ ಬರಲಿಲ್ಲ. 8 ಅಥವಾ ಹೆಚ್ಚು ಇದ್ದವರಲ್ಲಿ ಶೇಕಡಾ 84 ಮಂದಿಗೆ ಬಂತು. ನಮ್ಮ ಹೆಂಗಸು ನಡುವೆ ನಿಂತರು! ಉಳಿದಿರುವುದು ಎರಡು ರಕ್ತಪರೀಕ್ಷೆ. ರುಮಟಾಯ್ಡ್ ಫ್ಯಾಕ್ಟರ್ ಇದ್ದರೆ 1. ಆ್ಯಂಟಿ-ಸಿಸಿಪಿ ಎಂಬ ಪ್ರತಿಕಾಯವಿದ್ದರೆ 2. ಎರಡನೆಯದು ಸಿಕ್ಕರೆ ಅಂಕ 9ಕ್ಕೇರಿ, ವೈದ್ಯರ ನಿರ್ಧಾರವೇ ಬದಲಾಗಬಹುದು. ರುಮಟಾಯ್ಡ್ ಫ್ಯಾಕ್ಟರ್ ಆರೋಗ್ಯವಂತ ವೃದ್ಧರಲ್ಲೂ ಕಾಣಿಸುವುದುಂಟು. ಅದಕ್ಕೇ ಅದರ ಬೆಲೆ ಕಡಿಮೆ.

ಶೇಕಡಾ 84 ಎಂದರೆ 100 ಅಲ್ಲ. ಒಂದು ಚೀಟಿಯ ಮೇಲಿನ 'ಪಾಸಿಟಿವ್' ಕಂಡು ಕಂಗೆಡಬೇಕಿಲ್ಲ, 'ನೆಗೆಟಿವ್' ಎಂದು ಮೈಮರೆಯಲೂಬಾರದು. ಮನೆಯಲ್ಲಿ ಯಾರಿಗಾದರೂ ಗೆಣ್ಣು ಊದಿ, ಬೆಳಗ್ಗೆ ಅರ್ಧ ಗಂಟೆಯಾದರೂ ಬೆರಳು ಮಡಚಲಾಗದಿದ್ದರೆ 'ವಾತ, ಹೋಗುತ್ತೆ' ಎಂದು ಎಣ್ಣೆ ತಿಕ್ಕುತ್ತಾ ಕೂರಬೇಡಿ. ಊತ ಶುರುವಾದ ಆರು ವಾರದೊಳಗೆ ತಜ್ಞರು ನೋಡಬೇಕೆಂಬುದು ಯುರೋಪಿನ ಕೀಲುರೋಗ ವೈದ್ಯರ ಸಲಹೆ. ನಮ್ಮೂರಿಗೂ ಅದು ಸಲ್ಲುವ ಮಾತೇ.